ಗೆರೆ ಸವೆದ ಬೆರಳು, ಬಣ್ಣ ಹಚ್ಚಿದ ಮೀಸೆ

ಇದನ್ನು ಹೇಳಬೇಕು ಹೇಳಬೇಕು ಅಂದುಕೊಂಡೇ ಮುಂದೂಡುತ್ತ ಬಂದಿದ್ದೇನೆ. ಪೆನ್ನು ಹಿಡಿದು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತದೆ. ಕೊತ್ತಂಬರಿ ಸೊಪ್ಪು ತರಬೇಕು, ಸಂಪಿಗೆ ನೀರು ಬಂತೇ ನೋಡಬೇಕು, ಬೀದಿಯಲ್ಲಿ ಯಾರೋ ಯಾರಿಗೋ ಬೈಯುತ್ತಿದ್ದಾರೆ, ಯಾಕೆಂದು ವಿಚಾರಿಸಬೇಕು. ವಯಸ್ಸಾದವರಿಗೆ ಮಾಡಲು ಕೆಲಸವಿಲ್ಲ ಅನ್ನುವವರು ತಪ್ಪು ಒಪ್ಪಿಕೊಳ್ಳಲು ಕೂತ ಮುದುಕನನ್ನು ನೋಡಿಲ್ಲ. ಇವತ್ತು ಸೊಪ್ಪು ತಂದಾಗಿದೆ, ಸಂಪು ತುಂಬಿದೆ, ಬೀದಿಯಲ್ಲಿ ಜಗಳವೂ ಇಲ್ಲ. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಬರೆಯುತ್ತಿದ್ದೇನೆ.

ವಿಷಯ ವೀಸಾದ್ದು. ನಮ್ಮ ಕಡೆ ನೆಂಟರ ಮನೆಗೆ ಹೋಗುವುದಕ್ಕೆ ಒಂದು ರೀತಿಯಿದೆ. ಹೋಗುವುದು, ಚಪ್ಪಲಿ ಬಿಡುವುದು, ಅಷ್ಟೆ. ಮನೆಯವರು ‘ಯಾವಾಗ ಬಂದ್ರಿ?’ ಎಂದು ಕೇಳಬಹುದು. ‘ಯಾವಾಗ ಹೊರಡ್ತೀರಿ?’ ಎಂದರೋ, ಎರಡು ತಲೆಮಾರು ಮಾತು ನಿಂತುಹೋಗುತ್ತದೆ. ಆದರೆ ಈ ದೇಶಗಳು ಮೊದಲು ಕೇಳುವುದೇ ಅದನ್ನು. ಬರುವುದಿರಲಿ, ಹೋಗುವುದು ಯಾವಾಗ? ಹೋಗುವ ಟಿಕೆಟ್ಟು ಎಲ್ಲಿ? ಮಲಗುವುದು ಎಲ್ಲಿ? ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಕಟ್ಟುವವರು ಯಾರು? ಊರಲ್ಲಿ ನಿಮ್ಮನ್ನು ವಾಪಸ್ಸು ಎಳೆಯುವಂಥದ್ದು ಏನಿದೆ? ಈ ಕೊನೆಯ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಬೀದಿ ಕೊನೆಯ ಹೋಟೆಲಿನ ಮಸಾಲೆ ದೋಸೆ. ಆದರೆ ಅದಕ್ಕೆ ದಾಖಲೆ ಒದಗಿಸುವುದು ಕಷ್ಟ.

ಬೇರೆಯವರಿಗೆ ಇದೆಲ್ಲ ಕಿರಿಕಿರಿ ಅನ್ನಿಸಬಹುದು. ನನಗೆ ಮಾತ್ರ ತವರುಮನೆಗೆ ಹೋದಷ್ಟು ಸಂತೋಷ. ಯಾಕೆಂದರೆ ನಾನು ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗೇಟ್ ಪಾಸ್ ಬರೆಯುವ ಗುಮಾಸ್ತನಾಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೆ ನನ್ನ ಕಿಟಕಿಯ ಮುಂದೆ ಇಂಜಿನಿಯರುಗಳು, ಆಡಿಟರುಗಳು, ಒಮ್ಮೆ ಮಾಲೀಕರ ಸ್ವಂತ ಭಾವಮೈದ, ಎಲ್ಲರೂ ಬಗ್ಗಿ ನಿಂತಿದ್ದಾರೆ. ಕಿಟಕಿಯನ್ನು ಬೇಕೆಂದೇ ಅಷ್ಟು ಕೆಳಗೆ ಇಟ್ಟಿದ್ದರು ಎಂದು ನನ್ನ ನಂಬಿಕೆ. ‘ಯಾರನ್ನು ನೋಡಬೇಕು? ಏನು ಕೆಲಸ? ಎಷ್ಟು ಹೊತ್ತು?’ ಈ ಮೂರು ಪ್ರಶ್ನೆ ಕೇಳುತ್ತ ಕೇಳುತ್ತ ನಾನು ನಿವೃತ್ತನಾದೆ. ಪ್ರಪಂಚದ ಎಲ್ಲ ವೀಸಾ ಅಧಿಕಾರಿಗಳೂ ಕೇಳುವುದು ಇದನ್ನೇ. ಅಂದಮೇಲೆ ನಾನು ಅವರ ಬಳಗದವನೇ ಅಲ್ಲವೆ?

ಹೀಗಾಗಿ ನಿವೃತ್ತಿಯಾದ ಮೇಲೆ ನಮ್ಮ ಪಾರ್ಕಿನ ಕಲ್ಲುಬೆಂಚಿನ ಮೇಲೆ ನನ್ನದೊಂದು ಸಣ್ಣ ವೀಸಾ ಕಚೇರಿ ತಾನಾಗಿ ಶುರುವಾಯಿತು. ಬಡಾವಣೆಯಲ್ಲಿ ಯಾರೇ ಹೊರದೇಶಕ್ಕೆ ಹೊರಟರೂ ನನ್ನ ಹತ್ತಿರ ಬಂದು ಹೋಗಬೇಕು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಿದೆಯೇ, ಖಾಲಿ ಹಾಳೆ ಇದೆಯೇ, ಯಾವ ದೇಶಕ್ಕೆ ಮೊದಲೇ ವೀಸಾ, ಯಾವುದಕ್ಕೆ ಇಳಿದ ಮೇಲೆ, ಯಾವುದಕ್ಕೆ ಬೇಕೇ ಇಲ್ಲ, ಎಲ್ಲ ನನ್ನ ನಾಲಿಗೆಯ ಮೇಲಿತ್ತು. ಎದುರು ಮನೆ ಶಾರದಮ್ಮನವರು ಮಗಳನ್ನು ನೋಡಲು ದುಬೈಗೆ ಹೊರಟಾಗ ಚೀಲದಲ್ಲಿ ಒಂದು ಡಬ್ಬಿ ಗಸಗಸೆ ಇಟ್ಟುಕೊಂಡಿದ್ದರು.

“ಅದನ್ನ ತೆಗೀರಿ,” ಎಂದೆ.

“ಅಯ್ಯೋ, ಅಳಿಯಂದ್ರಿಗೆ ಗಸಗಸೆ ಪಾಯಸ ಅಂದ್ರೆ ಪ್ರಾಣ ಕಣ್ರೀ.”

“ಅಲ್ಲಿ ಗಸಗಸೆಗೂ ಅಫೀಮಿಗೂ ಒಂದೇ ಕಾನೂನು. ಅಳಿಯನಿಗೆ ಪಾಯಸ ಮಾಡೋಕೆ ಹೋಗಿ ನೀವು ಸ್ಟೇಷನ್ನಲ್ಲಿ ಗಂಜಿ ಕುಡೀಬೇಕಾಗುತ್ತೆ.”

ಶಾರದಮ್ಮ ಡಬ್ಬಿಯನ್ನು ಅಲ್ಲೇ ನಮ್ಮ ಮನೆಗೆ ಕೊಟ್ಟುಹೋದರು. ಆ ವಾರ ಪಾಯಸ ಕುಡಿದವನು ನಾನು. ಜ್ಞಾನಕ್ಕೆ ಸಿಗುವ ಫಲ ಕೆಲವೊಮ್ಮೆ ಇಷ್ಟು ಸಿಹಿಯಾಗಿರುತ್ತದೆ.

ಇಷ್ಟೆಲ್ಲ ತಿಳಿದಿದ್ದ ನಾನು ಸ್ವತಃ ಹೊರದೇಶ ನೋಡಿರಲಿಲ್ಲ. ವಿಮಾನವನ್ನು ಹತ್ತಿರದಿಂದ ನೋಡಿದ್ದೂ ಮಂಡಕಳ್ಳಿ ವಿಮಾನ ನಿಲ್ದಾಣದ ಕಾಂಪೌಂಡಿನ ಆಚೆ ನಿಂತು, ಹೆಂಡತಿಯ ಜೊತೆ ಕಡಲೆಕಾಯಿ ತಿನ್ನುತ್ತ. ಆವತ್ತು ಅವಳು ಮೇಲೇರುತ್ತಿದ್ದ ವಿಮಾನವನ್ನು ಕತ್ತು ಎತ್ತಿ ನೋಡಿ, “ನಾನು ಹೊಸೆದ ಕಡ್ಡಿ ಎಲ್ಲೆಲ್ಲಿಗೆ ಹೋದವೋ. ನಾನು ನೋಡಿದ್ರೆ ಕಾಂಪೌಂಡ್ ಆಚೆ ನಿಂತಿದೀನಿ. ಅವು ಹೋದ ಊರನ್ನ ಒಂದು ಸಲ ನೋಡಬೇಕು ಕಣ್ರೀ,” ಎಂದಿದ್ದಳು. ನಾನು ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದೆ.

ಯಾಕೆ ನೋಡಿದೆ ಅನ್ನುವುದನ್ನು ಹೇಳಬೇಕು. ಕಡ್ಡಿ ಎಂದರೆ ಊದುಬತ್ತಿ. ಮದುವೆಯಾದ ಹೊಸದರಿಂದ ಹಿಡಿದು ನಮ್ಮ ಮಗಳು ಸುಮಾ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರುವವರೆಗೂ ನನ್ನ ಹೆಂಡತಿ ಮನೆಯಲ್ಲಿ ಊದುಬತ್ತಿ ಹೊಸೆದಳು. ಕಂಪನಿಯವರು ಅದನ್ನು ಒಯ್ದು ಹೊರದೇಶಗಳಿಗೆ ಕಳಿಸುತ್ತಿದ್ದರು. ಒಂದು ಗಿಡ್ಡ ಮಣೆ, ಪಕ್ಕದಲ್ಲಿ ಬಿದಿರು ಕಡ್ಡಿಯ ಕಟ್ಟು, ಇದ್ದಿಲು ಪುಡಿ ಮತ್ತು ಸುಗಂಧ ಕಲಸಿದ ಕಪ್ಪು ಹಿಟ್ಟು. ಚಿಟಿಕೆ ಹಿಟ್ಟು ತೆಗೆದು ಕಡ್ಡಿಗೆ ಅಂಟಿಸಿ ಅಂಗೈಯಿಂದ ಮಣೆಯ ಮೇಲೆ ಒಮ್ಮೆ ಉರುಳಿಸಿದರೆ ಬತ್ತಿ ಸಿದ್ಧ. ನೋಡಲು ಸುಲಭ. ನಾನೂ ಒಂದು ಸಲ ಮಾಡಿದೆ. ಅದು ಊದುಬತ್ತಿಯ ಹಾಗಿರಲಿಲ್ಲ, ಬಸುರಿ ಓತಿಕ್ಯಾತದ ಹಾಗಿತ್ತು. ಸುಮಾಳ ಕಾಲೇಜು ಆ ಮಣೆಯ ಮೇಲೇ ಉರುಳಿ ಮುಗಿದದ್ದು. ಆದರೆ ನಾನು ಕಾರ್ಖಾನೆಯ ಗುಮಾಸ್ತ, ಕಿಟಕಿಯ ಹಿಂದೆ ಕೂರುವವನು. ಹೆಂಡತಿ ಕೈಕೆಲಸ ಮಾಡುತ್ತಾಳೆ ಎಂದರೆ ನೆಂಟರು ಏನೆಂದಾರು? ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಮಣೆ ಮಂಚದ ಕೆಳಗೆ ಹೋಗುತ್ತಿತ್ತು, ಆಮೇಲೆ ಚಿಲಕ ತೆಗೆಯುತ್ತಿದ್ದೆವು.

ಮಣೆಯನ್ನು ಬಚ್ಚಿಡಬಹುದು, ವಾಸನೆಯನ್ನು ಎಲ್ಲಿ ಬಚ್ಚಿಡುವುದು? ಬಂದವರು ಮೂಗರಳಿಸಿ, “ಏನು ಸ್ವಾಮಿ, ಮನೆಯೆಲ್ಲ ಘಮ ಘಮ ಅಂತದೆ?” ಎನ್ನುತ್ತಿದ್ದರು. ನಾನು ಸ್ವಲ್ಪವೂ ಅಳುಕದೆ, “ನಮ್ಮನೆಯವರಿಗೆ ದೇವರು ದಿಂಡರು ಅಂದ್ರೆ ಜಾಸ್ತಿ. ಬೆಳಗ್ಗೆ ಪೂಜೆಗೆ ಕೂತರೆ ಏಳೋದೇ ಇಲ್ಲ,” ಎಂದುಬಿಡುತ್ತಿದ್ದೆ. ಸುಳ್ಳು ಎಷ್ಟು ಚೆನ್ನಾಗಿ ಹಬ್ಬಿತೆಂದರೆ, ನಮ್ಮ ಕಡೆಯ ಹೆಂಗಸರು ಪರೀಕ್ಷೆಗೆ ಮೊದಲು ಮಕ್ಕಳನ್ನು ಕರೆತಂದು ಅವಳ ಕಾಲಿಗೆ ಬೀಳಿಸತೊಡಗಿದರು. ಸೀರೆಯ ಸೆರಗಿನಲ್ಲಿ ಕಪ್ಪು ಕೈ ಮುಚ್ಚಿಕೊಂಡು ಅವಳು ಆಶೀರ್ವಾದ ಮಾಡುತ್ತಿದ್ದಳು. ಕೆಲವರು ಪಾಸೂ ಆದರು. ಅದು ನನ್ನ ಸುಳ್ಳಿಗೆ ಇನ್ನಷ್ಟು ಬಲ ಕೊಟ್ಟಿತು.

ಹೋದ ವರ್ಷ ಸುಮಾ, “ಅಪ್ಪಾ, ಅಮ್ಮನ್ನ ಕರ್ಕೊಂಡು ಯುರೋಪು ನೋಡ್ಕೊಂಡು ಬನ್ನಿ, ಗುಂಪಿನ ಜೊತೆ ಹೋಗೋದು, ಏನೂ ತೊಂದ್ರೆ ಇಲ್ಲ,” ಎಂದಳು. ಪ್ರವಾಸದ ಸಂಸ್ಥೆಯವರು ಅರ್ಜಿ ತುಂಬಿಕೊಡುತ್ತೇವೆಂದರು. ನಾನು ಬಿಡುತ್ತೇನೆಯೇ! ಸುಮಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಾನೇ ಹೇಳಿ ತುಂಬಿಸಿದೆ. ಅಮ್ಮನ ಉದ್ಯೋಗ ಏನು ಹಾಕಲಿ ಎಂದು ಅವಳು ಕೇಳುವ ಮೊದಲೇ, “ಗೃಹಿಣಿ. ಮುಂದೆ ನಡಿ,” ಎಂದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಇನ್ನು ಫೋಟೋ. ಬಿಳಿ ಹಿನ್ನೆಲೆ, ಮುಖ ಇಷ್ಟೇ ಅಗಲ, ನಗುವಂತಿಲ್ಲ. ನಿಯಮದಲ್ಲಿ ಎಲ್ಲವೂ ಇತ್ತು, ಮೀಸೆಗೆ ಬಣ್ಣ ಹಚ್ಚಬಾರದು ಎಂದು ಮಾತ್ರ ಇರಲಿಲ್ಲ. ಹಚ್ಚಿದೆ. ತಲೆಗೂ ಹಚ್ಚಿದೆ. ಲಷ್ಕರ್ ಮೊಹಲ್ಲಾದ ಸ್ಟುಡಿಯೋಗೆ ಹೊರಟು ನಿಂತಾಗ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ರೀ ಇದು, ಮೂಗಿನ ಕೆಳಗೆ ಬೂಟ್ ಪಾಲಿಶ್ ಚೆಲ್ಲಿದಂಗದೆ?”

“ಫಾರಿನ್ನವರು ನೋಡೋ ಫೋಟೋ ಕಣೇ ಇದು.”

“ನೋಡಿ ಹೆಣ್ಣು ಕೊಡ್ತಾರಾ?”

ನಾನು ಮೀಸೆಯನ್ನು ಇನ್ನೊಮ್ಮೆ ಬಾಚಿಕೊಂಡು ಹೊರಟೆ.

ಕೊನೆಗೆ ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋದೆವು. ನನ್ನ ಬೆರಳುಗಳನ್ನು ಯಂತ್ರ ಕೂಡಲೇ ಒಪ್ಪಿಕೊಂಡಿತು. ಪೆನ್ನು ಹಿಡಿದ ಬೆರಳುಗಳು ನೋಡಿ, ನುಣ್ಣಗೆ, ಗೆರೆ ಗೆರೆಯಾಗಿ, ಕೆಲಸದ ಗುರುತಿಲ್ಲದೆ ಇದ್ದವು. ಆಮೇಲೆ ಅವಳ ಸರದಿ. ಒತ್ತಿದಳು. ಕೆಂಪು ದೀಪ. ಒರೆಸಿ ಒತ್ತಿದಳು. ಕೆಂಪು. ಕೌಂಟರಿನಲ್ಲಿದ್ದ ಯುವಕ ಒದ್ದೆ ಬಟ್ಟೆ ಕೊಟ್ಟ, ಏನೋ ಎಣ್ಣೆಯಂಥದ್ದು ಹಚ್ಚಿಸಿದ, ತಾನೇ ಬೆರಳ ಮೇಲೆ ಮೆಲ್ಲಗೆ ಅದುಮಿದ. ಪರದೆಯ ಮೇಲೆ ಬೂದುಬಣ್ಣದ ಉರುಟು ಕಲೆಗಳು ಮಾತ್ರ ಮೂಡಿದವು, ಒಂದು ಗೆರೆಯೂ ಇಲ್ಲ. ಹಿಂದೆ ಸಾಲು ಬೆಳೆಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನನ್ನೊಳಗಿನ ಗೇಟಿನ ಗುಮಾಸ್ತ ಎದ್ದು ಕೂತ.

“ಏನೇ ಇದು, ಬೆರಳು ಒತ್ತೋದಕ್ಕೂ ಬರಲ್ವಾ ನಿಂಗೆ?” ಎಂದು ಎಲ್ಲರೆದುರು ಗದರಿದೆ.

ಅವಳು ಬೆರಳು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಕಪ್ಪು ಹಿಟ್ಟು ಕೈಯಲ್ಲಿದ್ದ ಕಾಲದಲ್ಲಿ ನೆಂಟರ ಮುಂದೆ ಮುಚ್ಚಿಕೊಳ್ಳುತ್ತಿದ್ದಳಲ್ಲ, ಹಾಗೆಯೇ.

ಯುವಕ ಮರ್ಯಾದಸ್ಥ. “ಅಮ್ಮ ಏನಾದರೂ ಕೈಕೆಲಸ ಮಾಡ್ತಿದ್ರಾ ಸರ್?” ಎಂದು ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು, “ಇಲ್ಲಪ್ಪ, ಏನೂ ಇಲ್ಲ. ಮನೇಲೇ ಇರ್ತಾಳೆ. ಪೂಜೆ ಜಾಸ್ತಿ. ದಿನಾ ಕರ್ಪೂರ ಹಚ್ಚೀ ಹಚ್ಚೀ ಬೆರಳು ಹೀಗಾಗಿರಬೇಕು,” ಎಂದೆ. ಅಷ್ಟು ವರ್ಷ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲಿ ಕಾಯುತ್ತಲೇ ಇತ್ತೇನೋ. ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನೋಡಿದ್ದು, ದಾರಿ ತಪ್ಪಿ ಬಂದವರನ್ನು ನಾವು ನೋಡುತ್ತೇವಲ್ಲ, ಹಾಗೆ.

“ಸುಟ್ಟಿದ್ರೆ ವಾಸಿಯಾಗುತ್ತೆ ಸರ್. ಸ್ವಲ್ಪ ದಿನ ಕೈಗೆ ರೆಸ್ಟ್ ಕೊಟ್ಟು ಕರ್ಕೊಂಡು ಬನ್ನಿ,” ಎಂದು ಯುವಕ ನಮ್ಮನ್ನು ವಾಪಸ್ಸು ಕಳಿಸಿದ. ಗುಂಪು ಹೊರಡುವ ದಿನ ಹತ್ತಿರ ಬರುತ್ತಿತ್ತು. ಮತ್ತೊಮ್ಮೆ ಆಗದಿದ್ದರೆ ಅವಳ ಅರ್ಜಿ ಅಲ್ಲಿಗೇ ನಿಲ್ಲುವುದು. ನಾನೊಬ್ಬನೇ ಹೋಗಬಹುದಿತ್ತು. ಕಡ್ಡಿ ಹೋದ ಊರನ್ನು ನೋಡಬೇಕೆಂದಿದ್ದವಳು ಮನೆಯಲ್ಲಿ, ಒಂದು ಕಡ್ಡಿಯನ್ನೂ ನೆಟ್ಟಗೆ ಹೊಸೆಯಲಾರದವನು ಪ್ಯಾರಿಸ್ಸಿನಲ್ಲಿ!

ವಾಪಸ್ಸು ಬರುವಾಗ ಬಸ್ಸು ರಾಮನಗರ ದಾಟಿತು. ಅವಳು ಕಿಟಕಿಯ ಕಡೆ ತಿರುಗಿಕೊಂಡೇ, “ಕರ್ಪೂರ ಅಂತೆ ಕರ್ಪೂರ,” ಎಂದಳು. ಮದ್ದೂರಿನಲ್ಲಿ ವಡೆ ತಂದುಕೊಟ್ಟೆ. ತಿಂದಳು. ವಡೆ ತಿಂದದ್ದನ್ನೇ ಕ್ಷಮಿಸಿದ್ದು ಎಂದು ನಾನು ಲೆಕ್ಕ ಹಾಕಿಕೊಂಡೆ. ಗಂಡಸರ ಲೆಕ್ಕ ಹೀಗೇ ಇರುತ್ತದೆ.

ಕೈಗೆ ವಿಶ್ರಾಂತಿ ಎಂದರೆ ಪಾತ್ರೆ ತೊಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ನೆಲ ಒರೆಸುವಂತಿಲ್ಲ. ಯಾರು ಮಾಡಬೇಕು? ವೀಸಾ ತಜ್ಞನೇ ಮಾಡಬೇಕು. ಅವಳು ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದಳು. ನಾನು ಒಳಗೆ ಅನ್ನ ಹತ್ತಿಸಿದ ಕುಕ್ಕರಿನ ತಳ ಉಜ್ಜುತ್ತಿದ್ದೆ. ಶಾರದಮ್ಮ ಎದುರು ಮನೆಯಿಂದ ಇದನ್ನು ನೋಡಿ ತಮ್ಮ ಯಜಮಾನರನ್ನು ಕರೆದು ತೋರಿಸಿದರು. ಆ ಮನುಷ್ಯ ಆಮೇಲೆ ಪಾರ್ಕಿನಲ್ಲಿ ನನ್ನ ಬೆಂಚಿನಿಂದ ದೂರ ಕೂರತೊಡಗಿದ. ದಿನಾ ಬೆಳಗ್ಗೆ ನಾನು ಭೂತಗನ್ನಡಿ ಹಿಡಿದು ಅವಳ ಬೆರಳು ಪರೀಕ್ಷೆ ಮಾಡುತ್ತಿದ್ದೆ.

“ಬಂತಾ?” ಎನ್ನುವಳು.

“ಇಲ್ಲಿ ಏನೋ ಗೆರೆ ಕಂಡಂಗಾಯ್ತು.”

“ಅದು ನಿಮ್ಮ ಕನ್ನಡಕದ ಗೀರು. ಬುಡಿ. ನನ್ನ ಬೆರಳ ಗೆರೆ ಯಾವತ್ತೋ ಕಡ್ಡಿ ಜೊತೆ ಹೊರದೇಶಕ್ಕೆ ಹೊರಟೋಯ್ತು ಕಣ್ರೀ. ಅದಕ್ಕೆ ಯಾರೂ ವೀಸಾ ಕೇಳಲಿಲ್ಲ. ಈಗ ನಾನು ಹೋಗಿ ಹುಡುಕಬೇಕು.”

ಭೂತಗನ್ನಡಿಯ ಕೆಳಗೆ ಆ ಬೆರಳ ತುದಿಗಳು ಹೊಳೆ ಕಲ್ಲಿನ ಹಾಗೆ ನುಣುಪಾಗಿದ್ದವು. ಅವಳ ಕೈಯನ್ನು ನಾನು ಅಷ್ಟು ಹೊತ್ತು ಹಿಡಿದು ನೋಡಿದ್ದು ಮದುವೆಯ ಮಂಟಪದಲ್ಲೂ ಇಲ್ಲ. ತಪ್ಪಾಯಿತೆಂದು ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು, “ಕುಕ್ಕರ್ ಗ್ಯಾಸ್ಕೆಟ್ ಎಲ್ಲಿಟ್ಟಿದೀಯ?”

ಎರಡನೆಯ ಸಲ ಅದೇ ಕೇಂದ್ರ, ಅದೇ ಯುವಕ, ಅದೇ ಕೆಂಪು ದೀಪ. ಅವನು ನಿಟ್ಟುಸಿರು ಬಿಟ್ಟ. ನಾನು ಕರ್ಪೂರಕ್ಕೆ ತಯಾರಾಗಿ ಗಂಟಲು ಸರಿಮಾಡಿಕೊಂಡೆ. ಅವಳು ನನ್ನ ತೋಳಿನ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದಳು.

“ಪೂಜೆ ಅಲ್ಲ ಕಣಪ್ಪ. ನಾನು ಊದುಬತ್ತಿ ಹೊಸೀತಿದ್ದೆ. ಮಣೆ ಮೇಲೆ ತಿಕ್ಕಿ ತಿಕ್ಕಿ ಗೆರೆ ಸವೆದುಹೋಗದೆ. ಇನ್ನು ಬರಕ್ಕಿಲ್ಲ. ಏನು ಮಾಡಬೇಕೋ ನೋಡು.”

“ಅಯ್ಯೋ ಅಮ್ಮ, ಮೊದಲೇ ಹೇಳಬಾರದಿತ್ತಾ?” ಎಂದ ಅವನು. “ಕೆಲಸದಿಂದ ಸವೆದಿದ್ರೆ ಅದಕ್ಕೆ ಬೇರೆ ಕ್ರಮ ಇದೆ. ಬೆರಳಚ್ಚು ಸಿಗಲ್ಲ ಅಂತ ನಾವೇ ಬರೆದು ಕಳಿಸ್ತೀವಿ. ನೀವು ಮತ್ತೆ ಬರೋದೇ ಬೇಕಿರಲಿಲ್ಲ.” ಆಮೇಲೆ ಅವನು ಮೇಲಧಿಕಾರಿಯನ್ನು ಕರೆದ. ಅವರು ಬಂದು ಅವಳ ಬೆರಳು ನೋಡಿ, ನಮ್ಮಜ್ಜಿಯ ಕೈಯೂ ಹೀಗೇ ಇತ್ತು ಎಂದು ಹೇಳಿ ಸಹಿ ಹಾಕಿದರು. ಪ್ರಪಂಚದ ವೀಸಾ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ಈ ಒಂದು ನಿಯಮ ಗೊತ್ತಿರಲಿಲ್ಲ. ನಿಜ ಹೇಳಿದವರಿಗೆ ಮಾತ್ರ ಸಿಗುವ ನಿಯಮ ಅದು.

ವೀಸಾ ಬಂತು, ಇಬ್ಬರಿಗೂ. ವಿಮಾನ ಹತ್ತಿದೆವು, ಪ್ಯಾರಿಸ್ಸಿನಲ್ಲಿ ಇಳಿದೆವು. ಅಲ್ಲಿಯ ಗಾಜಿನ ಕೌಂಟರಿನಲ್ಲಿ ಒಬ್ಬ ಎತ್ತರದ ಅಧಿಕಾರಿ ನನ್ನ ಪಾಸ್‌ಪೋರ್ಟ್ ತೆರೆದ. ಪಾಸ್‌ಪೋರ್ಟಿನ ಫೋಟೋದಲ್ಲಿ ಬಿಳಿ ಮೀಸೆಯ ಮುದುಕ. ವೀಸಾದ ಫೋಟೋದಲ್ಲಿ ಕರಿಮೀಸೆಯ ನಡುವಯಸ್ಕ. ಕೌಂಟರಿನ ಮುಂದೆ, ಅರ್ಧ ಬಣ್ಣ ಬಿಟ್ಟು ತಾಮ್ರದ ಚೊಂಬಿನ ಹಾಗಾಗಿದ್ದ ಮೀಸೆಯ ನಾನು. ಮೂವರನ್ನೂ ಅವನು ಸರದಿಯ ಮೇಲೆ ನೋಡಿದ. ಇಂಗ್ಲಿಷಿನಲ್ಲಿ ಏನೋ ಕೇಳಿದ. ‘ಯಾರನ್ನು ನೋಡಬೇಕು, ಏನು ಕೆಲಸ, ಎಷ್ಟು ಹೊತ್ತು’ ಎಂಬುದಕ್ಕೆ ನಾನು ಊರಿನಿಂದಲೇ ಉತ್ತರ ಉರುಹೊಡೆದು ಬಂದಿದ್ದೆ. ಅವನು ಕೇಳಿದ್ದು ಅದಲ್ಲ. ಕಿಟಕಿಯ ಈಚೆ ಕಡೆ ನಿಂತರೆ ಹೇಗಿರುತ್ತದೆಂದು ಆವತ್ತು ತಿಳಿಯಿತು.

ಹಿಂದಿದ್ದ ಹೆಂಡತಿ ಮುಂದೆ ಬಂದಳು. ವೀಸಾದ ಫೋಟೋ ಮೇಲೆ ಬೆರಳಿಟ್ಟಳು. ಆಮೇಲೆ ಗಾಳಿಯಲ್ಲಿ ಒಂದು ಬ್ರಷ್ಷು ಅದ್ದಿ ಇಲ್ಲದ ಮೀಸೆಗೆ ನಾಜೂಕಾಗಿ ಬಣ್ಣ ಬಳಿದುಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡವಳಂತೆ ಎದೆ ಸೆಟೆಸಿದಳು. ಆಮೇಲೆ ತಲೆಯ ಮೇಲೆ ನೀರು ಸುರಿದಂತೆ ಮಾಡಿ, ನನ್ನ ಕಡೆ ಕೈ ತೋರಿಸಿ, ಹಣೆ ಹಣೆ ಚಚ್ಚಿಕೊಂಡಳು. ಅಧಿಕಾರಿಯ ತುಟಿ ನಡುಗಿತು. ಅವನು ಪಕ್ಕದ ಕೌಂಟರಿನವಳನ್ನೂ ಕರೆದು ನನ್ನನ್ನು ತೋರಿಸಿದ. ಇಬ್ಬರೂ ನಕ್ಕರು. ನಾನು ಒಳಗೆ ಹೋದೆ, ಮರ್ಯಾದೆ ಹೊರಗೇ ಉಳಿಯಿತು.

ಆಮೇಲೆ ಅವಳ ಸರದಿ, ಮತ್ತೆ ಬೆರಳಿನ ಯಂತ್ರ, ಮತ್ತೆ ಕೆಂಪು ದೀಪ. ಅವಳು ಸ್ವಲ್ಪವೂ ಅಳುಕಲಿಲ್ಲ. ಹತ್ತು ಬೆರಳನ್ನೂ ಎತ್ತಿ ಅವನಿಗೆ ತೋರಿಸಿದಳು. ಕೌಂಟರಿನ ಕಟ್ಟೆಯನ್ನೇ ಮಣೆ ಮಾಡಿಕೊಂಡು, ಚಿಟಿಕೆ ಹಿಟ್ಟು ತೆಗೆದು, ಅಂಗೈಯಿಂದ ಒಮ್ಮೆ ಉರುಳಿಸಿದಳು. ಆ ಕೈ ಏನು ಹದ, ಏನು ಓಟ! ನಡುವೆ ಅಷ್ಟು ವರ್ಷ ಕಳೆದಿದ್ದೇ ಸುಳ್ಳು ಅನ್ನುವ ಹಾಗಿತ್ತು. ಇಲ್ಲದ ಕಡ್ಡಿಯನ್ನು ಎತ್ತಿ, ಇಲ್ಲದ ಬೆಂಕಿ ತಗುಲಿಸಿ, ಕಣ್ಣು ಮುಚ್ಚಿ ಮೂಗಿನ ತುಂಬ ಉಸಿರೆಳೆದುಕೊಂಡಳು. ಅಧಿಕಾರಿಯೂ ಕಣ್ಣು ಮುಚ್ಚಿ ಒಮ್ಮೆ ಮೂಸಿದ, ತಲೆದೂಗಿದ, ಪಾಸ್‌ಪೋರ್ಟನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟ. ಹಿಂದಿದ್ದ ನಮ್ಮ ಗುಂಪಿನವರು, “ಅಮ್ಮ ಏನು ಕೆಲಸ ಮಾಡ್ತಿದ್ರು?” ಎಂದು ಕೇಳಿದರು. ಜನ್ಮದಲ್ಲಿ ಮೊದಲನೆಯ ಸಲ ನಾನು ದೊಡ್ಡ ದನಿಯಲ್ಲಿ, “ಊದುಬತ್ತಿ ಹೊಸೀತಿದ್ರು! ಮೈಸೂರಿನ ಊದುಬತ್ತಿ!” ಎಂದೆ. ವಿಮಾನ ನಿಲ್ದಾಣಕ್ಕೆಲ್ಲ ಕೇಳಿಸಿರಬೇಕು. ಮೀಸೆ ತಾಮ್ರದ ಬಣ್ಣದ್ದಾದರೂ ಆಗ ಅದನ್ನು ತಿರುವಿದೆ.

ಈ ಕಥೆಯನ್ನು ಪಾರ್ಕಿನ ಬೆಂಚಿನ ಮೇಲೆ ಎಷ್ಟು ಸಲ ಹೇಳಿದ್ದೇನೋ. ಹೇಳಿದಾಗಲೆಲ್ಲ ನನ್ನ ಎದೆ ಒಂದಂಗುಲ ಉಬ್ಬುತ್ತದೆ. ಮಣೆಯನ್ನು ಮಂಚದ ಕೆಳಗಿನಿಂದ ತೆಗೆದು, ಒರೆಸಿ, ಬಂದವರಿಗೆ ಕಾಣುವ ಹಾಗೆ ಹಜಾರದಲ್ಲಿ ಇಟ್ಟಿದ್ದೇನೆ. “ಅದರ ಮೇಲೆ ಕೂರಬೇಡಿ,” ಎಂದು ಗದರುತ್ತೇನೆ ಕೂಡ. ಆದರೆ ಯಾರಾದರೂ, “ಮೊದಲನೇ ಸಲ ಯಾಕೆ ವಾಪಸ್ ಕಳಿಸಿದ್ರು?” ಎಂದು ಕೇಳಿದರೆ ಇವತ್ತಿಗೂ ನನ್ನ ಉತ್ತರ, “ಸರ್ವರ್ ಡೌನ್ ಆಗಿತ್ತು.” ಪಕ್ಕದಲ್ಲಿ ಅವಳಿದ್ದರೆ ಏನೂ ಅನ್ನುವುದಿಲ್ಲ. ನನ್ನ ಮರ್ಯಾದೆಯನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ಕೈ ಮುಚ್ಚಿಕೊಂಡ ಹಾಗೆ.

ಕ್ಷಮೆ ಕೇಳಬೇಕೆಂದು ಈ ಬೆಳಗ್ಗೆಯೂ ಅಡುಗೆಮನೆಗೆ ಹೋಗಿದ್ದೆ. ಮಾತು ಶುರುಮಾಡಲು ಹೆಸರು ಹಿಡಿದು ಕರೆಯಬೇಕು ಅನ್ನಿಸಿತು. ‘ಏಯ್’, ‘ಇವಳೇ’, ‘ನೋಡಿಲ್ಲಿ’, ‘ಸುಮಾನ ಅಮ್ಮ’, ಇಷ್ಟರಲ್ಲೇ ಸಂಸಾರ ನಡೆಸಿದವನು ನಾನು. ಹೆಸರು ಗಂಟಲಿನವರೆಗೆ ಬಂದು ನಿಂತಿತು, ಅದಕ್ಕೂ ನನ್ನ ಬಾಯಿಂದ ಆಚೆ ಬರಲು ವೀಸಾ ಬೇಕೇನೋ ಎಂಬಂತೆ. “ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆ,” ಎಂದು ಹೇಳಿ ಬಂದೆ. “ಇನ್ನೂ ಹಾಕೇ ಇಲ್ಲ,” ಎಂದಳು.

ಅದಕ್ಕೇ ಬರೆದೆ. ಪೇಪರನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಬಿಡದೆ ಓದುವ ಅಭ್ಯಾಸ ಅವಳಿಗೆ ಆ ಬೆಣ್ಣೆ ಹಚ್ಚಿಕೊಂಡ ದಿನಗಳಲ್ಲಿ ಅಂಟಿಕೊಂಡಿದೆ. ಇದು ಅಚ್ಚಾದರೆ ಕಣ್ಣಿಗೆ ಬೀಳದೆ ಇರದು. ಓದಿ ಮುಗಿಸಿ ಕನ್ನಡಕ ತೆಗೆಯುವ ಹೊತ್ತಿಗೆ ನಾನು ಕೊತ್ತಂಬರಿ ಸೊಪ್ಪಿಗೆ ಹೋಗಿರುತ್ತೇನೆ. ಅರ್ಜಿಯಲ್ಲಿ ಅವಳ ಉದ್ಯೋಗವನ್ನು ತಪ್ಪು ತುಂಬಿಸಿದವನು, ಕೌಂಟರಿನಲ್ಲಿ ಎಲ್ಲರೆದುರು ಅವಳನ್ನು ಗದರಿದವನು, ಅವಳ ಇಡೀ ದುಡಿಮೆಗೆ ಕರ್ಪೂರ ಹಚ್ಚಿದವನು ನಾನು. ನಾನು ಕ್ಷಮೆ ಕೇಳಬೇಕಾದವಳು ಊದುಬತ್ತಿ ಹೊಸೆದ ನನ್ನ ಹೆಂಡತಿ, ಪುಟ್ಟಗೌರಮ್ಮ.